ಏಳಾಣೆ ಉಳಿಸಿದ ಶ್ರೀಖಂಡ

ಏಳಾಣೆ ಉಳಿಸಿದ್ದಕ್ಕೆ ನನಗೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ: ಸೊಲ್ಲಾಪುರದ ಆರು ಬರ್ಫದ ಗಡ್ಡೆ, ಹೊಚ್ಚ ಹೊಸ ಕಟ್ಟಿಗೆ ಪೆಟ್ಟಿಗೆ, ಒಂದು ಒಳ್ಳೆಯ ಧೋತರ, ಮತ್ತು ಮಾವನ ಮನೆಯಲ್ಲಿ ಹನ್ನೊಂದು ವರ್ಷ ಕಷ್ಟಪಟ್ಟು ಗಳಿಸಿದ ಮರ್ಯಾದೆ. ಕಾರಣ ಇಷ್ಟೇ. ಚೌಕಾಸಿ ಮಾಡದೆ ಯಾವುದನ್ನೂ ಬಿಡಬಾರದು ಎಂಬುದು ನನ್ನ ನಿಯಮ. ಕರಗುವ ಬರ್ಫಕ್ಕೆ ಆ ನಿಯಮ ಗೊತ್ತಿರಲಿಲ್ಲ!

ನಲವತ್ತೇಳನೆಯ ಇಸವಿಯ ಬೇಸಿಗೆ. ಅಫಜಲಪುರದಲ್ಲಿ ನನ್ನ ಹೆಂಡತಿಯ ತಂಗಿಯ ಮದುವೆ. ಗಂಡಿನವರು ಜೇವರ್ಗಿಯವರು, ಬಹಳ ಒಳ್ಳೆಯ ಜನ. ಬಂಗಾರ ಕೇಳಲಿಲ್ಲ, ಬೆಳ್ಳಿ ಕೇಳಲಿಲ್ಲ. ಗಂಡಿನ ತಂದೆ ಎಂದೋ ಸೊಲ್ಲಾಪುರದಲ್ಲಿ ಬರ್ಫದ ಮೇಲಿಟ್ಟ ಶ್ರೀಖಂಡ ತಿಂದಿದ್ದರಂತೆ. ಮದುವೆಯ ಹಿಂದಿನ ಸಂಜೆಯ ಊಟಕ್ಕೆ ಅದೊಂದು ಇರಲಿ ಎಂದರು. ನನ್ನ ಮಾವ ಹ್ಞೂಂ ಅಂದುಬಿಟ್ಟು, ಆಮೇಲೆ ಬೆವರತೊಡಗಿದರು.

ನಾನು ಎದ್ದು ನಿಂತೆ. "ಅದನ್ನ ನನಗ ಬಿಡ್ರಿ ಮಾವನೋರ. ಆಳಂದದ ಎಮ್ಮಿ ಮೊಸರು ಕಟ್ಟಿ ನೀರು ಇಳಿಸಿದ ಚಕ್ಕಾ, ಬರ್ಫದಾಗ ಇಟ್ಟು ತಂದು ಕೊಡ್ತೇನಿ."

ಆಳಂದದ ನಮ್ಮ ಮನೆಗೆ ಬಂದ ಮೇಲೆ ನನ್ನ ಹೆಂಡತಿ ನೀಲಮ್ಮ ಕೇಳಿದಳು: "ಯಾಕ್ರಿ, ಅಫಜಲಪುರದಾಗ ಎಮ್ಮಿ ಇಲ್ಲೇನ್ರಿ? ಅಲ್ಲೇ ಮೊಸರು ಕಟ್ಟಿ ತೂಗಹಾಕಿದ್ರ ಆಗಂಗಿಲ್ಲೇನು?"

"ಅಲ್ಲಿನ ಮೊಸರಿನ ಭಾವ ಗೊತ್ತೇನಬೇ ನಿನಗ?" ಎಂದೆ. ಅವಳು ನಕ್ಕು ಒಳಗೆ ಹೋದಳು. ನೀಲಮ್ಮ ಹಾಗೆ ನಕ್ಕಾಗ ಹೆದರಬೇಕು ಎಂಬುದು ಆಗಿನ್ನೂ ನನಗೆ ತಿಳಿದಿರಲಿಲ್ಲ.

ಒಳಗೆ ತಗಡು ಬಡಿಸಿ, ಸುತ್ತ ಕಟ್ಟಿಗೆ ಹೊಟ್ಟು ತುಂಬಿಸಿ ಪೆಟ್ಟಿಗೆ ಮಾಡಿಸಿದೆ. ಮೌಲಾಸಾಬನ ಲಾರಿ ಹಿಡಿದೆ. ಆಗ ಪೆಟ್ರೋಲಿಗೆ ಬರ. ಲಾರಿಯ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿ, ಅದರಲ್ಲಿ ಇದ್ದಲಿ ಸುಟ್ಟು, ಬಂದ ಗ್ಯಾಸಿನಿಂದ ಗಾಡಿ ಓಡಿಸುತ್ತಿದ್ದರು. ಸೊಲ್ಲಾಪುರಕ್ಕೆ ಹೋಗಿ ಆರು ಗಡ್ಡೆ ಬರ್ಫ ಪೆಟ್ಟಿಗೆಗೆ ತುಂಬಿಸಿಕೊಂಡು, ಮೊದಲ ಬಿಸಿಲಿಗೆ ಖಜೂರಿ ಗಡಿಗೆ ಬಂದೆವು. ಅಲ್ಲಿ ನಮ್ಮ ಸಂಸ್ಥಾನದ ಸುಂಕದ ಕಟ್ಟೆ.

ಕಟ್ಟೆಯ ಮುನ್ಷಿ ಬಹಳ ಸಭ್ಯ ಮನುಷ್ಯ. ಬರ್ಫ ಹೊರಗೆ ತೆಗೆಸಿ ತೂಗಿ, "ಹನ್ನೆರಡಾಣೆ ಆಗ್ತದ್ರಿ" ಎಂದ.

"ನೀರಿಗೆ ಎಲ್ಲಿ ಸುಂಕ ಅದರಿ?" ಎಂದೆ.

"ನೀರಾದ್ರ ಕೊಡದಾಗ ಹೊತ್ಕೊಂಡು ಹೋಗ್ರಿ. ಇದು ಗಡ್ಡಿ ಅದ."

ವಾದ ನಡೆಯಿತು. ಒಂದು ತಾಸಿನ ಮೇಲೆ ತಕ್ಕಡಿಯ ಕೆಳಗೆ ನೀರು ಹರಿಯುವುದು ಕಂಡಿತು. ನನ್ನ ತಲೆಯಲ್ಲಿ ದೀಪ ಹತ್ತಿತು. "ಈಗ ತೂಗ್ರಿ!" ಎಂದೆ. ಹತ್ತಾಣೆಗೆ ಇಳಿದಿತ್ತು! ಮತ್ತೆ ವಾದ. ಮತ್ತೆ ತೂಕ. ಎಂಟಾಣೆ! ಮೌಲಾಸಾಬ ಎರಡು ಸಲ ನನ್ನ ಅಂಗಿ ಜಗ್ಗಿದ. ವ್ಯಾಪಾರ ತಿಳಿಯದ ಮನುಷ್ಯ ಎಂದು ಕೈ ಕೊಡವಿದೆ. ಐದಾಣೆಗೆ ಬಂದಾಗ ವಿಜಯಶಾಲಿಯಾಗಿ ಹಣ ಎಣಿಸಿದೆ.

ಮುನ್ಷಿ ರಶೀದಿ ಕೊಡುತ್ತಾ ಹೇಳಿದ: "ಇನ್ನೊಂದೆರಡು ತಾಸು ಕುಂತ್ರ ಪುಕ್ಕಟನೇ ಆಗ್ತದ್ರಿ ಸಾವಕಾರ್ರ."

ನಿಜ ಹೇಳುತ್ತೇನೆ, ಅರೆಗಳಿಗೆ ಅದನ್ನೂ ಯೋಚಿಸಿದೆ.

ಎರಡೂವರೆ ಗಡ್ಡೆಯೊಂದಿಗೆ ಆಳಂದ ಮುಟ್ಟಿದೆವು. ಚಕ್ಕಾದ ಕೊಳಗಗಳು ಸಿದ್ಧವಿದ್ದವು, ನೀಲಮ್ಮ ಸೀರೆ ಉಟ್ಟು ನಿಂತಿದ್ದಳು. ಅಷ್ಟರಲ್ಲಿ ಒಬ್ಬ ವ್ಯಾಪಾರಿ ಅಫಜಲಪುರಕ್ಕೆ ಜೋಳದ ಚೀಲ ಕಳಿಸಬೇಕೆಂದ. ಖಾಲಿ ಲಾರಿ ಓಡಿಸುವುದು ಪಾಪವಲ್ಲವೇ? ಚೀಲಗಳನ್ನು ಲಾರಿಗೆ ಹೇರಿಸಿದೆ. ಕೊಳಗಗಳನ್ನು ಬರ್ಫದ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯನ್ನು ಎರಡು ಗಾಲಿಯ ಗಾಡಿಯ ಮೇಲಿಟ್ಟು ಲಾರಿಯ ಹಿಂದೆ ಕಟ್ಟಿಸಿದೆ.

"ಸಾವಕಾರ್ರ, ಒಲಿ ಹಿಂದ ಬರ್ಫ ಕಟ್ತೀರೇನ್ರಿ?" ಎಂದ ಮೌಲಾಸಾಬ.

"ಗಾಡಿ ಓಡಿದ್ರ ಗಾಳಿ ಬಡೀತದ. ಗಾಳಿ ಅಂದ್ರ ತಂಪು."

ಗಾಳಿ ಬಡಿಯಿತು. ಒಲೆಯನ್ನು ಮುಟ್ಟಿಯೇ ಬಡಿಯಿತು!

ಚೌಡಾಪುರ ಇನ್ನೂ ದೂರವಿರುವಾಗಲೇ ಲಾರಿ ಕೆಮ್ಮಿ ನಿಂತಿತು. ಇದ್ದಲಿ ಮುಗಿದಿತ್ತು. ಒಂದು ಚೀಲ ಕಡಿಮೆ ಕೊಂಡ ಜಾಣ ಯಾರೆಂದು ಹೇಳಬೇಕಿಲ್ಲ. ಸುತ್ತಲೂ ಬೋಳು ಹೊಲ, ಒಂದು ಜಾಲಿಕಡ್ಡಿಯೂ ಇಲ್ಲ. ಇದ್ದ ಕಟ್ಟಿಗೆಯೆಲ್ಲ ನನ್ನ ಪೆಟ್ಟಿಗೆಯಲ್ಲೇ. ಆಗ ನಾನು ಹೀಗೆ ತರ್ಕಿಸಿದೆ: ಬೇಗ ಮುಟ್ಟಿದರೆ ಬರ್ಫವೇ ಬೇಡ. ಬೇಗ ಮುಟ್ಟಲು ಬೆಂಕಿ ಬೇಕು. ಆದ್ದರಿಂದ ಪೆಟ್ಟಿಗೆಯನ್ನು ಸುಡತಕ್ಕದ್ದು!

ಮೊದಲು ಮುಚ್ಚಳ ಹೋಯಿತು. ಆಮೇಲೆ ನಾಲ್ಕು ಬದಿಯ ಹಲಗೆ. ಕೊನೆಗೆ ಹೊಟ್ಟು. ನೀಲಮ್ಮ ರಸ್ತೆಯ ಬದಿಗೆ ಕುಳಿತು ನೋಡಿದಳು. "ತಂಪು ಸುಟ್ಟು ಗಾಡಿ ಓಡಿಸೋ ಮನಷ್ಯಾನ್ನ ನಮ್ಮಪ್ಪ ನನಗಾಗೇ ಹುಡುಕಿದ್ನೋ ಏನೋ" ಎಂದಳು.

ಲಾರಿ ಚೌಡಾಪುರದ ತನಕ ಕರೀ ಹೊಗೆ ಬಿಡುತ್ತಾ ಬಂದು ಪ್ರಾಣ ಬಿಟ್ಟಿತು. "ಕಟಗಿ ಹೊಗಿ ಒಳಗ ಹೋಗಿ ಡಾಂಬರ ಕಟ್ಯಾದ್ರಿ. ಇನ್ನ ನಾಳಿಗೇ" ಎಂದ ಮೌಲಾಸಾಬ, ಬಹಳ ಸಮಾಧಾನದಿಂದ. ಎತ್ತಿನ ಗಾಡಿ ಹಿಡಿದೆವು. ಬರ್ಫ ಎಂಬುದು ಆಗ ಬರೀ ನೆನಪು. ಉಟ್ಟ ಧೋತರ ಬಿಚ್ಚಿ, ನೀರಲ್ಲಿ ತೋಯಿಸಿ ಕೊಳಗಗಳ ಮೇಲೆ ಹಾಸಿದೆ. ಟವೆಲು ಸುತ್ತಿಕೊಂಡು ಕುಳಿತೆ.

ದೀಪ ಹಚ್ಚುವ ಹೊತ್ತಿಗೆ ಅಫಜಲಪುರ. ಬೀಗರು ಪಂಕ್ತಿಯಲ್ಲಿ ಕುಳಿತಾಗಿತ್ತು. ಮಾವ ನನ್ನ ಟವೆಲು ನೋಡಿ ಕೊಳಗಗಳ ಕಡೆ ತಿರುಗಿದರು. ಕೊಳಗದ ಮುಚ್ಚಳವನ್ನು ನಾವು ತೆಗೆಯಬೇಕಾಗಲಿಲ್ಲ, ಹುಳಿಯಾಗಿ ಉಬ್ಬಿದ ಚಕ್ಕಾದ ಮೇಲೆ ಅದೇ ಎದ್ದು ನಿಂತಿತ್ತು! ಅತ್ತೆ ಬೆರಳದ್ದಿ ನೆಕ್ಕಿ ಕಣ್ಣು ಮುಚ್ಚಿದರು. ಕಣ್ಣು ತೆರೆದವರೇ ಒಲೆಯ ಕಡೆ ಓಡಿದರು. ಕಡಲೆಹಿಟ್ಟು, ಬಳ್ಳೊಳ್ಳಿ, ಒಗ್ಗರಣೆ... ಶ್ರೀಖಂಡ ಬರಬೇಕಾದ ಬಟ್ಟಲಲ್ಲಿ ಬಿಸಿಬಿಸಿ ಕಢಿ ಬಂತು.

ಗಂಡಿನ ತಂದೆ ಬಟ್ಟಲನ್ನು ನೋಡಿದರು. ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಮೂರು ಬಟ್ಟಲು ಖಾಲಿಯಾದ ಮೇಲೆ ಕೇಳಿದರು: "ಇದರಾಗ ಹೊಗಿ ವಾಸನಿ ಭಾಳ ಚಲೋ ಅದರಿ. ಹ್ಯಾಂಗ ತಂದ್ರಿ?"

"ಪೆಟಗಿ ಸುಟ್ಟು ತಂದಾರ್ರಿ," ಎಂದಳು ನೀಲಮ್ಮ.

ಪಂಕ್ತಿಯೆಲ್ಲ ಕಥೆ ಕೇಳಿ ನಕ್ಕಿತು. ಗಂಡಿನ ತಂದೆ ಮಾವನ ಕೈ ಹಿಡಿದು ಹೇಳಿದರು: "ಶ್ರೀಖಂಡ ನಾಳಿನ ಊಟಕ್ಕ ಆಗಲಿ ಬಿಡ್ರಿ, ಇಲ್ಲೀ ಮೊಸರಿಂದೇ ಮಾಡ್ರಿ. ಆದ್ರ ಒಂದು ಶರತು. ಹಿರೇ ಅಳಿಯಂದ್ರು ಕುಂತಲ್ಲೇ ಕುಂದರಬೇಕು!"

ಕುಳಿತೆ. ಟವೆಲು ಉಟ್ಟವನು ಎಲ್ಲಿಗೆ ಹೋದಾನು?

ಕರಗುವ ಸರಕು ಸಾಗಿಸುವವರಿಗೆ ನನ್ನ ಸಲಹೆ: ಗಡಿಯಲ್ಲಿ ಕೇಳಿದಷ್ಟು ಕೊಟ್ಟು ಓಡಿರಿ. ಒಲೆ ಮುಂದಿದ್ದರೆ ಬರ್ಫವನ್ನು ಹಿಂದೆ ಕಟ್ಟಬೇಡಿ. ಇದ್ದಲಿ ಒಂದು ಚೀಲ ಹೆಚ್ಚೇ ಇರಲಿ, ಇನ್ನೊಂದು ಧೋತರವೂ ಇರಲಿ. ಇದೆಲ್ಲಕ್ಕಿಂತ ಮೊದಲು, ಹೋಗುವ ಊರಿನಲ್ಲಿ ಎಮ್ಮೆಗಳಿವೆಯೋ ಇಲ್ಲವೋ ವಿಚಾರಿಸಿರಿ. ಹೆಂಡತಿಯನ್ನು ಕೇಳಿದರೆ ಸಾಕು. ನನ್ನನ್ನು ಮಾತ್ರ ಕೇಳಬೇಡಿ.