ನಾನು ಬೀಳದ ಹುಡುಗನನ್ನು ಆರಿಸಿದ್ದು

ಯಾರನ್ನೇ ಕಂಡರೂ ಇವರು ಎಷ್ಟು ವರ್ಷ ಬಾಳಬಹುದು ಎಂದು ಮನಸ್ಸಿನಲ್ಲೇ ಅಂದಾಜು ಹಾಕುವ ಕೆಟ್ಟ ಚಾಳಿ ನನಗಿದೆ. ದಯವಿಟ್ಟು ತಪ್ಪು ತಿಳಿಯಬೇಡಿ, ಇದರಲ್ಲಿ ಯಾರ ಮೇಲೂ ದ್ವೇಷವಿಲ್ಲ. ಸಂಬಳಕ್ಕಾಗಿ ಕಲಿತ ವಿದ್ಯೆ. ಒಂದು ವಿಮಾ ಕಚೇರಿಯಲ್ಲಿ ಕೂತು ಇಡೀ ಉದ್ಯೋಗಜೀವನ ನಾನು ಮಾಡಿದ್ದು ಇದೇ ಕೆಲಸ. ಜೀವವಿಮೆ ಬೇಕೆಂದು ಬಂದವರ ತೂಕ, ಎತ್ತರ, ಹೊಟ್ಟೆಯ ಸುತ್ತಳತೆ, ತಂದೆಯ ಸಕ್ಕರೆ, ತಾಯಿಯ ಬಿ.ಪಿ., ತಾತ ಹೋದದ್ದು ಹೇಗೆ, ಇವನ್ನೆಲ್ಲ ನೋಡಿ ಈ ಮನುಷ್ಯನನ್ನು ನಂಬಬಹುದೋ ಬಾರದೋ ಎಂದು ತೀರ್ಪು ಕೊಡುವುದು. ಯಾವ ಅಪಾಯವೂ ಇಲ್ಲದ ಗಟ್ಟಿ ಆಸಾಮಿಯನ್ನು ನಾವು ಕಚೇರಿಯಲ್ಲಿ 'ಫಸ್ಟ್ ಕ್ಲಾಸ್ ಲೈಫ್' ಎನ್ನುತ್ತಿದ್ದೆವು. ನಾನು ನಿವೃತ್ತನಾದರೂ ನನ್ನ ಕಣ್ಣು ನಿವೃತ್ತವಾಗಲಿಲ್ಲ. ಮದುವೆಮನೆಯಲ್ಲಿ ಎಲ್ಲರೂ ಅಕ್ಷತೆ ಹಾಕುವಾಗ ನಾನು ವರನ ಕುತ್ತಿಗೆಯ ದಪ್ಪ ನೋಡುತ್ತ ನಿಂತಿರುತ್ತೇನೆ. 'ನೂರ್ಕಾಲ ಬಾಳಪ್ಪ' ಎಂದು ಹರಸುವಾಗ ನನ್ನ ದನಿಯಲ್ಲಿ ಅನುಮಾನ ಇಣುಕುತ್ತದೆಂದು ನನ್ನ ಹೆಂಡತಿ ಸುಶೀಲಾ ಎಷ್ಟೋ ಸಲ ತೋಳು ಚಿವುಟಿದ್ದಾಳೆ.

ಇಂಥವನ ಮನೆ ಹೇಗಿರುತ್ತದೆಂದು ನೀವೇ ಊಹಿಸಬಹುದು. ಜೀವನ್ ಬಿಮಾ ನಗರದ ನಮ್ಮ ಮನೆಯ ಮೆಟ್ಟಿಲಿಗೆ ಎರಡೂ ಕಡೆ ಕಂಬಿಗಳಿವೆ. ಬಚ್ಚಲಲ್ಲಿ ಜಾರದ ಚಾಪೆ, ಆ ಚಾಪೆ ಜಾರದಿರಲಿ ಎಂದು ಅದರ ಕೆಳಗೆ ಇನ್ನೊಂದು ಚಾಪೆ. ಮೇಜಿನ ಮೂಲೆಗಳಿಗೆಲ್ಲ ಸ್ಪಂಜು. ಇಷ್ಟೆಲ್ಲ ಮುತುವರ್ಜಿಯ ನಡುವೆ ಬೆಳೆದ ನಮ್ಮ ಒಬ್ಬಳೇ ಮಗಳು ಮೇಘನಾ ಹೋಗಿ ಹೋಗಿ ಬ್ಯಾಸ್ಕೆಟ್‌ಬಾಲ್ ಹಿಡಿದಳು. ಕಾಲೇಜು ಮುಗಿಯುವುದರೊಳಗೆ ಮಣಿಕಟ್ಟು ಒಮ್ಮೆ, ಮೂಗು ಒಮ್ಮೆ ಮುರಿದುಕೊಂಡು, ಎರಡು ಸಲವೂ ನಗುತ್ತ ಮನೆಗೆ ಬಂದಳು. ಅವಳ ಅಪ್ಪನಾಗಿ ಹೆಮ್ಮೆಪಟ್ಟೆ. ವಿಮೆಯವನಾಗಿ ಹೇಳುವುದಾದರೆ, ಅವಳ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ವಾಪಸು ಕಳಿಸುತ್ತಿದ್ದೆ.

ಈ ವರ್ಷ ಅವಳಿಗೆ ಹೊಸದೊಂದು ವೃತ್ತಿಪರ ತಂಡದಲ್ಲಿ ಆಟಗಾರರನ್ನು ಆರಿಸುವ ಕೆಲಸ ಸಿಕ್ಕಿತು. ಕಾಲೇಜು ಹುಡುಗರು ಆಡುವುದನ್ನು ನೋಡಿ, ಯಾರು ಮುಂದೆ ಬರಬಲ್ಲರೆಂದು ಗುರುತಿಸಿ, ಡ್ರಾಫ್ಟ್ ದಿನ ಅವರನ್ನು ತಂಡಕ್ಕೆ ತರಬೇಕು. ಡ್ರಾಫ್ಟ್ ಎಂದರೆ ಹರಾಜಲ್ಲ. ಎಲ್ಲ ತಂಡಗಳವರೂ ಒಂದು ಸಭಾಂಗಣದಲ್ಲಿ ಸೇರುತ್ತಾರೆ, ಚೀಟಿ ಎತ್ತಿ ಸರದಿ ಗೊತ್ತುಮಾಡುತ್ತಾರೆ, ಸರದಿ ಬಂದವರು ಕೈ ಎತ್ತಿ ತಮಗೆ ಬೇಕಾದವನ ಹೆಸರು ಹೇಳುತ್ತಾರೆ. ಒಬ್ಬರು ಕೈ ಎತ್ತಿದ ಹುಡುಗ ಇನ್ನೊಬ್ಬರಿಗಿಲ್ಲ. "ಮೊದಲನೇ ಆಯ್ಕೆ ಕೆಟ್ರೆ ಬರೋ ವರ್ಷ ನನ್ನನ್ನ ಇಟ್ಕೊಳ್ಳಲ್ಲ ಅಪ್ಪ" ಎಂದು ಮೇಘನಾ ಊಟ ಮಾಡುತ್ತ ಹೇಳಿದ್ದಳು. ಅವಳ ಮನಸ್ಸಿನಲ್ಲಿ ಮೊದಲಿನಿಂದಲೂ ಒಬ್ಬನೇ ಇದ್ದ. ಹಲಸೂರಿನ ಸೆಲ್ವ ಎಂಬ ಹುಡುಗ.

ಇದರಲ್ಲಿ ನಾನು ಕಾಲಿಟ್ಟದ್ದು ಹೀಗೆ. ಒಂದೇ ಭಾನುವಾರ ಕೆ.ಆರ್. ಪುರದಲ್ಲೊಂದು, ಕುಕ್ ಟೌನಿನಲ್ಲೊಂದು ಪಂದ್ಯ ಬಿತ್ತು. ಅವಳು ಕೆ.ಆರ್. ಪುರಕ್ಕೆ ಹೊರಟಳು. ಸೆಲ್ವ ಆಡುವುದು ಕುಕ್ ಟೌನಿನಲ್ಲಿ. "ಅಪ್ಪ, ನೀವು ಹೋಗಿ ಫೋನಲ್ಲಿ ವೀಡಿಯೋ ತೆಗೀರಿ ಸಾಕು. ಯಾರ ಹತ್ರಾನೂ ಏನೂ ಮಾತಾಡ್ಬೇಡಿ" ಎಂದು ಕೈಮುಗಿದು ಹೇಳಿದಳು. ಅಡುಗೆಮನೆಯಿಂದ ಸುಶೀಲಾ, "ಮಾತಾಡ್ಬೇಡಿ ಅನ್ನೋದನ್ನ ಇನ್ನೊಂದ್ಸಲ ಹೇಳೇ" ಎಂದಳು.

ನಾನು ಪಾಲಿಸಬೇಕೆಂದೇ ಹೋದೆ. ಆದರೆ ಬಿಸಿಲಿಗೆ ಟೋಪಿ, ಮೂಗಿನ ಮೇಲೆ ಕನ್ನಡಕ, ಕಂಕುಳಲ್ಲಿ ಹಳೆಯ ಕಚೇರಿಯ ಫೈಲು ಇರುವ ಮನುಷ್ಯ ಮೈದಾನಕ್ಕೆ ಬಂದರೆ ಜನ ಸುಮ್ಮನೆ ಬಿಡುವುದಿಲ್ಲ. ಫೈಲಿನಲ್ಲಿದ್ದದ್ದು ಸುಶೀಲಾ ಕಟ್ಟಿಕೊಟ್ಟ ಚಪಾತಿ. ಆದರೂ ಯಾರೋ ಓಡಿಬಂದು ಕುರ್ಚಿ ಹಾಕಿದರು, ಇನ್ಯಾರೋ ಕಾಫಿ ತಂದರು. ಮೇಘನಾಳ ತಂಡದ ಮಾಲೀಕರು ಇಲಿಯಾಸ್ ಭಾಯ್ ಅಲ್ಲೇ ಇದ್ದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ಧಾರಾಳ ಮನುಷ್ಯ. ಮೇಘನಾಳ ತಂದೆಯೆಂದು ತಿಳಿದದ್ದೇ ತಡ, "ಅರೆ, ಬನ್ನಿ ಸಾಬ್! ನೀವು ಇನ್ಶೂರೆನ್ಸಲ್ಲಿ ಇದ್ದೋರಂತೆ. ನಾವು ಬಟ್ಟೆ ನೋಡ್ದೋರು, ನೀವು ಮನುಷ್ಯರ್ನೇ ನೋಡ್ದೋರು" ಎಂದು ಪಕ್ಕದಲ್ಲೇ ಕೂತರು. ನಿವೃತ್ತನಾದ ಮೇಲೆ ನನ್ನ ವೃತ್ತಿಯ ಬಗ್ಗೆ ಯಾರೂ ಇಷ್ಟು ಗೌರವದಿಂದ ಮಾತಾಡಿರಲಿಲ್ಲ. ಮಗಳ ಮಾತು ಅಲ್ಲಿಗೇ ಮರೆತುಹೋಯಿತು.

ಸೆಲ್ವನನ್ನು ನೋಡಿದೆ. ನೋಡುವುದಕ್ಕೂ ಅವನು ಒಂದು ಕಡೆ ನಿಂತರೆ ತಾನೆ? ಹತ್ತು ಜನರ ನಡುವೆ ನುಗ್ಗುತ್ತಾನೆ, ಮೊಣಕೈ ತಿನ್ನುತ್ತಾನೆ, ಗೆರೆ ದಾಟಿ ಹೋಗುತ್ತಿರುವ ಚೆಂಡಿನ ಹಿಂದೆ ಹಾರಿ ನೀರಿನ ಡ್ರಮ್ಮಿಗೆ ಡಿಕ್ಕಿ ಹೊಡೆಯುತ್ತಾನೆ, ಎದ್ದು "ಪರ್ವಾಗಿಲ್ಲ ಮಚ್ಚಾ" ಎನ್ನುತ್ತ ಮತ್ತೆ ಓಡುತ್ತಾನೆ. ನನಗೆ ನೋಡಿ ನೋಡಿ ಎದೆ ಡವಗುಟ್ಟಿತು. ಆಗ ಕಣ್ಣಿಗೆ ಬಿದ್ದವನು ಪ್ರಜ್ವಲ್. ಆಜಾನುಬಾಹು, ತಿದ್ದಿ ಬಾಚಿದ ಕ್ರಾಪು, ಹಾಲಿನಂಥ ಬಿಳಿ ಕಾಲುಚೀಲ. ಗಲಾಟೆ ಈ ಕಡೆ ಬಂದರೆ ಅವನು ಆ ಕಡೆ ಸರಿಯುತ್ತಿದ್ದ, ಅದೂ ಎಷ್ಟು ನಾಜೂಕಾಗಿ! ಒಮ್ಮೆಯೂ ಬೀಳಲಿಲ್ಲ. ಯಾರನ್ನೂ ಮುಟ್ಟಲಿಲ್ಲ. ಆಟ ಮುಗಿದಾಗಲೂ ಕ್ರಾಪು ಹಾಗೇ ಇತ್ತು. ನನಗೆ ಕಣ್ಣು ತಂಪಾಯಿತು.

ಆಮೇಲೆ ಇಬ್ಬರನ್ನೂ ಕರೆದು ಮಾತಾಡಿಸಿದೆ. ಸೆಲ್ವನ ಮೊಣಕಾಲು ತೋರಿಸಿ, "ಈ ಗಾಯ ಯಾವಾಗಿನದಪ್ಪ?" ಎಂದೆ.

"ಯಾವ್ದು ಸಾರ್, ಇದಾ? ಇದು ಹೋದ್ ವಾರದ್ದು. ಇದು ಈಗಿಂದು. ಇದು ಯಾವ್ದೋ ಗೊತ್ತಿಲ್ಲ ಸಾರ್, ಹಳೇದು."

"ನಿಮ್ಮ ತಾತ ಇದ್ದಾರಾ?"

"ಇಲ್ಲ ಸಾರ್. ಯಾಕ್ ಸಾರ್, ಅವ್ರೂ ಬರ್ಬೇಕಿತ್ತಾ?"

ಪ್ರಜ್ವಲನ ತಾತಂದಿರು ಇಬ್ಬರೂ ಇದ್ದರು, ದಿನವೂ ವಾಕಿಂಗ್ ಹೋಗುತ್ತಿದ್ದರು. "ನಿನಗೆ ಆಟದಲ್ಲಿ ಯಾವತ್ತಾದರೂ ಪೆಟ್ಟಾಗಿದೆಯಾ?" ಎಂದು ಕೇಳಿದೆ. "ಇಲ್ವೇ ಇಲ್ಲ ಸಾರ್. ಗುಂಪಿದ್ದ ಕಡೆ ನಾನು ಹೋಗಲ್ಲ" ಎಂದು ವಿನಯದಿಂದ ಹೇಳಿದ. ಇಂಥ ಒಂದು ಉತ್ತರಕ್ಕಾಗಿ ನಾನು ಕಚೇರಿಯಲ್ಲಿ ಎಷ್ಟು ವರ್ಷ ಕಾದಿದ್ದೆ! ಇಲಿಯಾಸ್ ಭಾಯ್ ಕಡೆ ತಿರುಗಿ, "ಫಸ್ಟ್ ಕ್ಲಾಸ್ ಲೈಫ್" ಎಂದುಬಿಟ್ಟೆ. ನನ್ನ ಹಿಂದೆ ಕಡ್ಲೆಕಾಯಿ ತಿನ್ನುತ್ತ ಕೂತಿದ್ದ, ಕೆಂಪು ಕ್ಯಾಪಿನ ಗೃಹಸ್ಥರೊಬ್ಬರು ಕಡ್ಲೆಕಾಯಿ ಪೊಟ್ಟಣ ನನ್ನತ್ತ ಚಾಚಿ, "ಯಾರ್ ಸಾರ್ ಅದು, ಆ ಎತ್ತರದ ಹುಡುಗಾನಾ?" ಎಂದು ಕೇಳಿದರು. ಅವರಿಗೂ ವಿವರವಾಗಿ ಹೇಳಿದೆ. ತಾತಂದಿರ ವಾಕಿಂಗ್ ಸಹಿತ.

ಸಂಜೆ ಮನೆಯಲ್ಲಿ ಮೇಘನಾ ವೀಡಿಯೋ ನೋಡಿದಳು. ಬಹಳ ಹೊತ್ತು ನೋಡಿದಳು. "ಅಪ್ಪ, ಪೂರ್ತಿ ಈ ಪ್ರಜ್ವಲ್ಲೇ ಇದಾನಲ್ಲ! ಸೆಲ್ವ ಎಲ್ಲಿ?" ಎಂದಳು. ಪ್ರಜ್ವಲ್ ನಿಂತಲ್ಲೇ ನಿಲ್ಲುವುದರಿಂದ ಚಿತ್ರ ಅಲ್ಲಾಡದೆ ಬರುತ್ತದೆಂದು ವಿವರಿಸಿದೆ. "ಅಗೋ, ಅಲ್ಲೊಂದು ಸಲ ಸೆಲ್ವನ ಮೊಣಕೈ ಬಂದಿದೆ ನೋಡು" ಎಂದು ತೋರಿಸಿಯೂ ಕೊಟ್ಟೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಇಲಿಯಾಸ್ ಭಾಯ್ ದನಿ ನಮಗೂ ಕೇಳುವಷ್ಟು ದೊಡ್ಡದು. "ಬೇಟಿ, ಫೈನಲ್ ಆಗ್ಬಿಡ್ತು. ಮೊದಲ್ನೇದು ಪ್ರಜ್ವಲ್. ನಿಮ್ಮ ಅಬ್ಬಾನೇ ಹೇಳಿದಾರೆ. ದೊಡ್ಡೋರ್ ಮಾತು ಮೀರ್ಬಾರ್ದು." ಅವಳು ಸೆಲ್ವನ ಹೆಸರೆತ್ತಿದಳು, ವಾದ ಮಾಡಿದಳು, ಕೊನೆಗೆ ಬೇಡಿಕೊಂಡಳು. ಆ ಕಡೆಯಿಂದ ಬಂದ ಉತ್ತರ ಒಂದೇ: ನಿಮ್ಮ ಅಬ್ಬಾ.

ಆಮೇಲೆ ನಮ್ಮ ಮನೆಯಲ್ಲಿ ಮಾತು ನಿಂತಿತು. ಮೇಘನಾ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು "ಉಪ್ಪು ಕೊಡಮ್ಮ" ಎಂದು ನನ್ನ ಪಕ್ಕದಲ್ಲಿದ್ದ ಉಪ್ಪನ್ನು ಅಡುಗೆಮನೆಯಲ್ಲಿದ್ದ ತಾಯಿಯಿಂದ ಕೇಳುತ್ತಿದ್ದಳು. ಒಂದು ದಿನ ಮಾತ್ರ, ನನ್ನ ಮುಖ ನೋಡದೆ, "ಅವನು ಚೆಂಡು ಮುಟ್ಟಲ್ಲ ಅಪ್ಪ. ಬೀಳದೇ ಇರೋದು ಅದಕ್ಕೇ. ಚೆಂಡು ಇದ್ದ ಕಡೆನೇ ಗುಂಪಿರೋದು" ಎಂದಳು. ಅಷ್ಟು ಸರಳವಾದ ವಿಷಯ ನನಗೆ ಹೊಳೆದೇ ಇರಲಿಲ್ಲ. ನನ್ನ ಮಗಳ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ. ಅಂದು ಊಟ ಸೇರಲಿಲ್ಲ.

ಸರಿಪಡಿಸಲೇಬೇಕೆಂದು ಮರುದಿನ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆ. ಇಲಿಯಾಸ್ ಭಾಯ್ ಗಲ್ಲಾ ಬಿಟ್ಟು ಎದ್ದು ಬಂದು, ಕೂರಿಸಿ, ಸುಲೈಮಾನಿ ಚಹಾ ತರಿಸಿದರು. ನಾನು ಧೈರ್ಯ ಮಾಡಿ, "ನನಗೆ ಬ್ಯಾಸ್ಕೆಟ್‌ಬಾಲ್ ಬಗ್ಗೆ ಏನೂ ಗೊತ್ತಿಲ್ಲ ಭಾಯ್. ಪ್ರಜ್ವಲ್ ಬೇಡ, ಸೆಲ್ವನನ್ನೇ ತಗೊಳ್ಳಿ" ಎಂದೆ. ಅವರು ತೊಡೆ ತಟ್ಟಿ ನಕ್ಕರು. "ಕ್ಯಾ ದಿಮಾಗ್ ಹೈ ಸಾಬ್! ಬೇರೆ ಟೀಮ್ನೋರ ಕಿವಿಗೆ ಬೀಳ್ಲಿ ಅಂತ ಉಲ್ಟಾ ಹೇಳ್ತಿದೀರಾ? ಅಂಗಡೀಲಿ ನಮ್ಮೋರೇ ಇರೋದು, ಭಯ ನಕ್ಕೊ." ನಾನು ಆಣೆ ಇಟ್ಟೆ. ಇಟ್ಟಷ್ಟೂ ಅವರಿಗೆ ನನ್ನ ಮೇಲಿನ ಅಭಿಮಾನ ಹೆಚ್ಚಿತು. ಕೊನೆಗೆ ಬೇಡವೆಂದರೂ ಕೇಳದೆ ಒಂದು ಷರ್ಟ್ ಪೀಸು ಕೈಗಿಟ್ಟು ಕಳಿಸಿದರು. ಅದನ್ನು ಹಿಡಿದು ಮನೆಗೆ ಬಂದಾಗ ಸುಶೀಲಾ, ಬಟ್ಟೆ ಮಾತ್ರ ಚೆನ್ನಾಗಿದೆ ಎಂದಳು.

ಡ್ರಾಫ್ಟ್ ನಡೆದದ್ದು ಇಂದಿರಾನಗರದ ಒಂದು ಹೋಟೆಲಿನ ಹಾಲಿನಲ್ಲಿ, ಬೆಳಗ್ಗೆ. ಇಲಿಯಾಸ್ ಭಾಯ್ ಹಟದಿಂದಾಗಿ ನಾನೂ ಹೋಗಬೇಕಾಯಿತು, ಅದೇ ಷರ್ಟ್ ಪೀಸು ಹೊಲಿಸಿಕೊಂಡು. ಹುಡುಗರೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದರು. ಪ್ರಜ್ವಲ್ ಇಸ್ತ್ರಿ ಮಾಡಿದ ಕೋಟಿನಲ್ಲಿದ್ದ. ಸೆಲ್ವನ ಗಲ್ಲದ ಮೇಲೆ ಹೊಸದೊಂದು ಪ್ಲಾಸ್ಟರ್ ಇತ್ತು. ಮೇಘನಾ ನನ್ನ ಪಕ್ಕದಲ್ಲಿ ಉಗುರು ಕಚ್ಚುತ್ತ ಕೂತಳು, ಚಿಕ್ಕಂದಿನಲ್ಲಿ ಪರೀಕ್ಷೆಗೆ ಮುಂಚೆ ಕಚ್ಚುತ್ತಿದ್ದ ಹಾಗೇ. ಇಲಿಯಾಸ್ ಭಾಯ್ ಕಣ್ಣುಮುಚ್ಚಿ ದುವಾ ಮಾಡಿ ಬಟ್ಟಲಿಗೆ ಕೈ ಹಾಕಿದರು. ಚೀಟಿಯಲ್ಲಿ ನಮಗೆ ಬಂದದ್ದು ಎರಡನೇ ಸರದಿ.

ಮೊದಲನೇ ಸರದಿಯ ತಂಡದ ಮೇಜಿನ ಕಡೆ ನೋಡಿದೆ. ಅಲ್ಲಿ ಕೆಂಪು ಕ್ಯಾಪಿನ ಕಡ್ಲೆಕಾಯಿ ಗೃಹಸ್ಥರು ಕೂತಿದ್ದರು! ನನ್ನನ್ನು ಗುರುತಿಸಿ ಮುಗುಳ್ನಕ್ಕರು. ಆ ನಗೆಯಲ್ಲಿ ಉಪಕಾರಸ್ಮರಣೆಯೂ ಇತ್ತು, ನಿನ್ನನ್ನು ಹೇಗೆ ಯಾಮಾರಿಸಿದೆ ಎಂಬ ಖುಷಿಯೂ ಇತ್ತು. ಮೆಲ್ಲಗೆ ಕೈ ಎತ್ತಿದರು. "ಪ್ರಜ್ವಲ್" ಎಂದರು.

ಇಲಿಯಾಸ್ ಭಾಯ್ ಕುರ್ಚಿಯಲ್ಲಿ ಕುಸಿದರು. ಅವರು ಸಾವರಿಸಿಕೊಂಡು ಇನ್ನೊಂದು ಹೆಸರು ಯೋಚಿಸುವ ಮೊದಲೇ ನನ್ನ ಮಗಳು ಎರಡೂ ಕೈ ಎತ್ತಿ, "ಸೆಲ್ವ! ಸೆಲ್ವ!" ಎಂದು ಕೂಗಿದಳು. ಒಂದು ಸಲ ಹೇಳಿದ್ದರೆ ಸಾಕಿತ್ತು. ಹಿಂದಿನ ಸಾಲಿನಲ್ಲಿ ಧಡಾರ್ ಎಂದು ಸದ್ದಾಯಿತು. ಸೆಲ್ವ ಜಿಗಿದ ರಭಸಕ್ಕೆ ಕುರ್ಚಿ ಮಗುಚಿ, ಅವನೂ ಅದರ ಮೇಲೆ ಮಗುಚಿ, "ಪರ್ವಾಗಿಲ್ಲ, ಪರ್ವಾಗಿಲ್ಲ" ಎನ್ನುತ್ತ ಏಳುತ್ತಿದ್ದ. ಅಭ್ಯಾಸಬಲದಿಂದ ನಾನು ಅವನ ಮೊಣಕಾಲು ನೋಡಿದೆ. ನೋಡುತ್ತಿದ್ದ ಹಾಗೇ ನನಗೆ ಎಷ್ಟು ನಿರಾಳವಾಯಿತೆಂದರೆ, ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟ ಸದ್ದು ಪಕ್ಕದವರಿಗೂ ಕೇಳಿಸಿತು. ಮೇಘನಾ ನನ್ನ ಕೈ ಹಿಡಿದು, "ಅಪ್ಪ, ಕಾಫಿ ಕುಡೀತೀರಾ?" ಎಂದಳು. ನೇರವಾಗಿ ನನ್ನನ್ನೇ ಕೇಳಿದಳು. ಕಣ್ಣು ಮಂಜಾಗಿ, ಕನ್ನಡಕ ಒರೆಸಿಕೊಂಡೆ.

ಇಲಿಯಾಸ್ ಭಾಯ್‌ಗೆ ಚೇತರಿಸಿಕೊಳ್ಳಲು ಎರಡು ಲೋಟ ನೀರು ಬೇಕಾಯಿತು. ಆ ಕೆಂಪು ಕ್ಯಾಪಿನವರು ಕುಕ್ ಟೌನಿನಲ್ಲಿ ನನ್ನ ಹಿಂದೆಯೇ ಕೂತಿದ್ದರೆಂಬುದು ನೆನಪಾದ ಕೂಡಲೇ ಅವರ ಮುಖ ಅರಳಿತು. ನನ್ನನ್ನು ತಬ್ಬಿಕೊಂಡು, "ಸಾಬ್! ಅಂಗಡಿಗೆ ಬಂದು ಸೆಲ್ವ ಅಂದಿದ್ದು ನಿಜ ಮಾತು, ಗ್ರೌಂಡಲ್ಲಿ ಪ್ರಜ್ವಲ್ ಅಂದಿದ್ದು ಅವರನ್ನ ಯಾಮಾರಿಸೋಕೆ ಕೊಟ್ಟ ಗೋಲಿ! ನಾನೇ ಪಾಗಲ್" ಎಂದರು. ನಾನು ಅಲ್ಲವೆಂದು ತಲೆಯಾಡಿಸಿದೆ. ಅದನ್ನೂ ಅವರು ವಿನಯವೆಂದೇ ತಿಳಿದರು. ಬರುವ ವರ್ಷದಿಂದ ನನಗೆ ಕಾಯಂ ಕೆಲಸ ಗೊತ್ತಾಗಿದೆ. ಮೈದಾನಕ್ಕೆ ಹೋಗಿ ನನಗೆ ಇಷ್ಟವಾದವನನ್ನು ಗಟ್ಟಿಯಾಗಿ ಹೊಗಳುವುದು. ಮಿಕ್ಕದ್ದನ್ನು ಮೇಘನಾ ನೋಡಿಕೊಳ್ಳುತ್ತಾಳೆ. ಪ್ರಜ್ವಲನ ಬಗ್ಗೆಯೂ ನನಗೆ ಚಿಂತೆಯಿಲ್ಲ. ಯಾವ ತಂಡಕ್ಕೆ ಹೋದರೂ ಆ ಹುಡುಗನಿಗೆ ಏನೂ ಆಗುವುದಿಲ್ಲವೆಂದು ಈಗಲೂ ಬರೆದುಕೊಡಬಲ್ಲೆ.

ಮನೆಗೆ ಬಂದು ಸುಶೀಲಾಳಿಗೆ ಎಲ್ಲವನ್ನೂ ಸ್ವಲ್ಪ ಬಣ್ಣ ಹಚ್ಚಿಯೇ ಹೇಳಿದೆ. ಅವಳು ಹುರುಳಿಕಾಯಿ ಮುರಿಯುತ್ತ ಕೇಳಿಸಿಕೊಂಡಳು. "ನಮ್ಮಪ್ಪನೂ ನಿಮ್ಮನ್ನ ಹೀಗೇ ಆರಿಸಿದ್ದು" ಎಂದಳು. "ಹುಡುಗ ಜಗಳಕ್ಕೆ ಹೋಗಲ್ಲ, ಮರ ಹತ್ತಲ್ಲ, ಸೈಕಲ್ಲಿಂದ ಕೂಡ ಬಿದ್ದಿಲ್ಲ ಅಂತ ಊರೆಲ್ಲ ಸಾರ್ಕೊಂಡು ಬಂದ್ರು. ಎಲ್ರಿಗೂ ಕೇಳಿಸ್ತು. ಏನ್ ಮಾಡೋದು, ನಮಗಿಂತ ಮುಂಚೆ ಬೇರೆ ಟೀಮಿನೋರು ಯಾರೂ ಕೈ ಎತ್ತಲಿಲ್ಲ."

ಮೇಘನಾ ನಕ್ಕ ನಗುವಿಗೆ ಬೀದಿಯ ನಾಯಿ ಬೊಗಳಿತು. ನಾನೂ ನಕ್ಕೆ. ನಗುತ್ತಲೇ ಆ ದಿನಗಳಲ್ಲಿ ನನ್ನನ್ನು ನೋಡಲು ಬಂದು, ಉಪ್ಪಿಟ್ಟು ತಿಂದು, ತಿಳಿಸುತ್ತೇವೆಂದು ಹೋಗಿ ತಿಳಿಸದೇ ಉಳಿದ ಹೆಣ್ಣಿನ ಕಡೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದು, ಮನಸ್ಸಿನಲ್ಲೇ ಅವರಿಗೆಲ್ಲ ಕೈಮುಗಿದೆ.