ಬಚ್ಚಣ್ಣನ ನಿರ್ಗಮನ ಸಂದರ್ಶನ

ಹೆಂಡತಿ ಓದಿದರೆ ಮನೆ ಬೆಳಗುತ್ತದೆ ಎನ್ನುತ್ತಾರೆ. ಹಾಗೆ ಹೇಳಿದವನ ಹೆಂಡತಿ ಔದ್ಯೋಗಿಕ ಮನಶ್ಶಾಸ್ತ್ರ ಓದಿರಲಿಕ್ಕಿಲ್ಲ. ನನ್ನ ಪೂಜಿತಾ ಮದುವೆಯಾದ ಮೇಲೆ ಅದರಲ್ಲೇ ಎಂ.ಎಸ್ಸಿ.ಗೆ ಸೇರಿದಳು. ಅದನ್ನು ಓದಿದರೆ ಎಂತ ಕೆಲಸ ಸಿಗುತ್ತದೆ ಎಂದು ಕೇಳಿದೆ. ಜನ ಕೆಲಸ ಬಿಟ್ಟು ಯಾಕೆ ಓಡುತ್ತಾರೆಂದು ಕಂಡುಹಿಡಿಯುವ ಕೆಲಸ, ದೊಡ್ಡ ದೊಡ್ಡ ಕಂಪೆನಿಗಳು ಕರೆದು ಕೊಡುತ್ತವೆ ಎಂದಳು. ಸೋಮಾರಿಗಳು ಓಡುತ್ತಾರೆ, ಇದಕ್ಕೆ ಎರಡು ವರ್ಷ ಓದಬೇಕಾ ಎಂದೆ. (ಆ ವಾರವಿಡೀ ನನಗೆ ಗಂಜಿ, ಉಪ್ಪಿನಕಾಯಿ.)

ಆದರೆ ಓಡುತ್ತಿದ್ದವರು ನನ್ನವರೇ. ಹಂಗಾರಕಟ್ಟೆಯಲ್ಲಿ ನನ್ನದೊಂದು ಐಸ್ ಪ್ಲಾಂಟ್. ಕಳೆದ ವರ್ಷ ನಮ್ಮ ಹಳೆಯ ಆಳು ಬಚ್ಚಣ್ಣ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡ ಮೇಲೆ ಒಬ್ಬ ಕೆಲಸಗಾರನೂ ತಿಂಗಳು ನಿಲ್ಲಲಿಲ್ಲ. ಮಳೆಗಾಲದ ರಜೆ ಮುಗಿದು ಮೀನಿನ ಬೋಟುಗಳು ಕಡಲಿಗಿಳಿಯಲು ಹದಿನೈದೇ ದಿನ ಬಾಕಿ. ಜನ ಸಿಗದಿದ್ದರೆ ಅಪ್ಪನ ಕಾಲದ ಪ್ಲಾಂಟಿಗೆ ಬೀಗವೇ ಗತಿ.

ಪೂಜಿತಾಳಿಗೆ ಪ್ರಾಜೆಕ್ಟ್ ಸಿಕ್ಕಿತು. ಬಿಟ್ಟುಹೋದ ನಾಲ್ವರನ್ನೂ ಹುಡುಕಿ 'ನಿರ್ಗಮನ ಸಂದರ್ಶನ' ಮಾಡಿದಳು. ಅಂದರೆ ಹೋಗುವವನನ್ನು ಕೂರಿಸಿ, ಯಾಕಪ್ಪಾ ಹೋಗುತ್ತೀ ಎಂದು ಮರ್ಯಾದೆಯಿಂದ ಕೇಳುವ ಮಹಾವಿದ್ಯೆ. ನನ್ನ ಬೈಗುಳದ ವರ್ಣನೆ ಇರುತ್ತದೆಂದು ಎದೆ ಗಟ್ಟಿ ಮಾಡಿಕೊಂಡು ಕೂತೆ. ನಾಲ್ಕು ಫಾರ್ಮಿನಲ್ಲೂ ಇದ್ದುದು ಒಂದೇ ಮಾತು. ನಡುಮಧ್ಯಾಹ್ನ ಬಾಗಿಲು ದಾಟುವಾಗ ಖಾಲಿ ಕುರ್ಚಿಯಿಂದ ಯಾರೋ ಕೇಳುತ್ತಾರಂತೆ: "ಸಾವ್ಕಾರ್ರ್ ಬಂದ್ರಾ?"

ಮೂವರು ಊರಿನವರು, ಮಾತಾಡಿಕೊಂಡಿರಬಹುದು. ನಾಲ್ಕನೆಯವನು ಒಡಿಶಾದವನು, ಕನ್ನಡದಲ್ಲಿ ನೀರು ಕೇಳಲೂ ಬಾರದವನು. ಅವನು ಅದನ್ನೇ ಹಿಂದಿ ಅಕ್ಷರದಲ್ಲಿ ಬರೆದು, ಹಾಗೆಂದರೇನು ಎಂದು ಕೇಳಿದ್ದ. ನನ್ನ ಬೆನ್ನಿಗೆ ಯಾರೋ ಐಸ್ ಗಡ್ಡೆ ಒತ್ತಿದ ಹಾಗಾಯಿತು.

"ಹ್ವಾಯ್, ಬಚ್ಚಣ್ಣನಿಗೆ ಆ ದಿನ ನೀವ್ ಎಂತ ಹೇಳಿದ್ರಿ?" ಎಂದಳು ಪೂಜಿತಾ.

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಬೈಂದೂರಿನ ಮದುವೆಗೆ ಹೊರಟಿದ್ದೆ. ಎದೆ ಹಿಡಿದ ಹಾಗಾಗುತ್ತದೆ, ಮನೆಗೆ ಹೋಗುತ್ತೇನೆ ಎಂದ ಬಚ್ಚಣ್ಣನಿಗೆ, "ನಾ ಬಪ್ಪವರೆಗೆ ಕುರ್ಚಿ ಬಿಟ್ಟ್ ಏಳ್ಬೇಡ" ಎಂದಿದ್ದೆ. ಮದುವೆಯಲ್ಲಿ ಹೊಟ್ಟೆ ಬಿರಿಯ ಉಂಡೆ, ಅಲ್ಲೇ ನಿದ್ದೆ ಹೊಡೆದೆ, ಅವನನ್ನು ಮರೆತೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಅವಳು ಬೈಯಲಿಲ್ಲ. (ಬೈದಿದ್ದರೆ ಹಗುರಾಗುತ್ತಿತ್ತು.) ಐದನೆಯ ಫಾರ್ಮ್ ತೆಗೆದು ಬಚ್ಚ ಎಂದು ಹೆಸರು ಬರೆದಳು.

"ಇವ್ರನ್ನ ಕೆಲ್ಸದಿಂದ ಯಾರೂ ಬಿಡ್ಲೇ ಇಲ್ಲ. ನೀವೇ ಹೋಯಿ ಬಿಡಿ."

ಮರುದಿನ ಮಧ್ಯಾಹ್ನ ಕುರ್ಚಿಯೆದುರು ಬಾಳೆಲೆ ಹಾಕಿ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರಿನ ಎಡೆ ಇಟ್ಟೆ. ಕೈಮುಗಿದೆ.

"ಬಚ್ಚಣ್ಣ, ನಾ ಬಂದೆ. ತಪ್ಪಾಯ್ತ್. ನೀನಿನ್ನ್ ಹೋಯ್ಲಕ್ಕ್."

ಒಂದು ವರ್ಷದಿಂದ ನಡುವೆ ತಗ್ಗಿಯೇ ಇದ್ದ ಕುರ್ಚಿಯ ಪ್ಲಾಸ್ಟಿಕ್ ಟಪ್ಪೆಂದು ಮೇಲೆದ್ದಿತು. ನಾನು ಗಂಡಸುತನ ಮರೆತು ಅತ್ತೆ.

ಪೂಜಿತಾ ಮಾತ್ರ ಫಾರ್ಮಿಗೆ ಟಿಕ್ ಹಾಕಿದಳು. ಹುದ್ದೆ ತೆರವಾದರೆ ಕೂಡಲೇ ಯಾರಾದರೂ ಚಾರ್ಜ್ ತೆಗೆದುಕೊಳ್ಳಬೇಕು, ಶಾಸ್ತ್ರ ಹಾಗೆ ಹೇಳುತ್ತದೆ ಎಂದು ನನ್ನನ್ನೇ ಆ ಕುರ್ಚಿಯಲ್ಲಿ ಕೂರಿಸಿದಳು. ಪ್ರಾಜೆಕ್ಟ್ ಬೈಂಡ್ ಮಾಡಿಸಲು ಬ್ರಹ್ಮಾವರದ ಬಸ್ಸಿಗೆ ಹೊರಟವಳು ಬಾಗಿಲಲ್ಲಿ ತಿರುಗಿ, "ನಾ ಬಪ್ಪವರೆಗೆ ಏಳ್ಬೇಡಿ" ಎಂದಳು. ಹೊಸದಾಗಿ ಸೇರುವ ಕಿಟ್ಟ ಎಂಬವನನ್ನು ಒಳಗೆ ಕಳಿಸುವುದೂ ನನ್ನ ಪಾಲಿಗೆ ಬಂತು.

ಮೂರು ಗಂಟೆಯಾಯಿತು. ಕೂತು ಕೂತು ಕಾಲು ಮರಗಟ್ಟಿತು. ಕಿಟ್ಟ ಚೀಲ ಹಿಡಿದು ಬಾಗಿಲು ದಾಟಿದ. ದಾರಿಯಲ್ಲಿ ಸಿಕ್ಕಿರಬಹುದೆಂದು ಸಹಜವಾಗಿ ಕೇಳಿದೆ: "ಪೂಜಿತಾ ಬಂದ್ಳಾ?"

ಅವನು ನಿಂತ. ಕುರ್ಚಿ ನೋಡಿದ, ನನ್ನ ಹಿಂದಿನ ಗೋಡೆ ನೋಡಿದ. ಚೀಲ ಅಲ್ಲೇ ಹಾಕಿ ಓಡಿದ.

ಸಂಜೆ ಪೂಜಿತಾ ಬಂದಾಗ ಅವಳ ಕೈಯಲ್ಲಿ ಆರನೆಯ ಫಾರ್ಮ್. ಬಸ್‌ಸ್ಟ್ಯಾಂಡಿನಲ್ಲಿ ನಡುಗುತ್ತಿದ್ದ ಕಿಟ್ಟನನ್ನು ಹಿಡಿದು ಅಲ್ಲೇ ಸಂದರ್ಶನ ಮುಗಿಸಿದ್ದಳು. ಖಾಲಿ ಕುರ್ಚಿ ಪೂಜಿತಾಳ ಹೆಸರು ಹಿಡಿದು ಕೇಳುತ್ತದೆ ಎಂದು ಅದರಲ್ಲಿತ್ತು. ನಾನೇ ಅಲ್ಲವಾ ಕೇಳಿದ್ದು ಎಂದು ನಕ್ಕೆ. ಅವಳು ನಗಲಿಲ್ಲ. ಪ್ಲಾಂಟಿನ ಒಳಗೆಲ್ಲ ಹುಡುಕಿ ಬಂದು ನನ್ನೆದುರೇ ನಿಂತು, ಸಿಟ್ಟಿನಿಂದ ಕೂಗಿದಳು.

"ಹ್ವಾಯ್, ಏಳ್ಬೇಡಿ ಅಂದಿದ್ದೆ ಅಲ್ದಾ? ಎಲ್ಲ್ ಹೋದ್ರಿ?"

ನಾನು ಕೂತೇ ಇದ್ದೆ.