ಇಪ್ಪತ್ತೆರಡು ಇಂಚಿನ ದೆವ್ವ

ಕೊಪ್ಪಳದ ಜನರನ್ನು ಗಡಗಡ ನಡುಗಿಸುವ ಜವಾಬ್ದಾರಿಯನ್ನು ಕಳೆದ ತಿಂಗಳು ನಾನು ಹೊತ್ತುಕೊಂಡೆ. ಯಾರೂ ಒತ್ತಾಯ ಮಾಡಿರಲಿಲ್ಲ. ಮೈದಾನದಲ್ಲಿ ಎಕ್ಸಿಬಿಷನ್ ಹಾಕಿದ್ದ ಮರ್ದಾನಸಾಬರ ಭೂತಬಂಗಲೆಗೆ ಟಿಕೆಟ್ ತೆಗೆಸಿ ಹೋಗಿದ್ದೆ. ಒಳಗೆ ಪ್ಲಾಸ್ಟಿಕ್ ಅಸ್ಥಿಪಂಜರವೊಂದು ಕೈ ಆಡಿಸುತ್ತಿತ್ತು. ನನ್ನ ಮುಂದಿದ್ದವರು ಅದರ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡರು. ಕಲಾವಿದನಾದ ನನಗೆ ಹೊಟ್ಟೆ ಉರಿಯಿತು.

"ಚಾಚಾ, ನನಗ ಒಂದು ಕೋಣಿ ಬಿಟ್ಟುಕೊಡ್ರಿ. ಮಂದಿ ಚೀರಿಕೋತ ಹೊರಗ ಓಡಿ ಬರಬೇಕು, ಹಂಗ ಮಾಡ್ತೀನಿ" ಎಂದೆ.

"ಪೇಂಟರ್ ಸಾಬ್, ಈಗ ಬರೋ ಮಂದಿ ಒಳಗ ಫ್ಯಾನ್ ಯಾಕಿಲ್ಲ ಅಂತ ಜಗಳ ತಗೀತಾರ. ನೀವು ಒಬ್ಬರನ್ನ ಚೀರಿಸಿದ್ರ ಸಾಕು" ಎಂದರು ಮರ್ದಾನಸಾಬರು.

ನಾನು ಅಂಗಡಿಗಳ ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಬರೆಸುವವರು ಕಡಿಮೆಯಾದರು. ನನ್ನೊಳಗಿನ ಕಲಾವಿದ ಮಾತ್ರ ಕಡಿಮೆಯಾಗಲಿಲ್ಲ. ಅವನಿಗಾಗಿ ಮನೆಯ ಹಿಂದಿನ ಕೋಣೆಯನ್ನೇ ಮೀಸಲಿಟ್ಟಿದ್ದೆ. ಅಲ್ಲಿ ಅರ್ಧ ಮುಗಿದ ಹನ್ನೊಂದು ಚಿತ್ರಗಳೂ ಪೂರ್ತಿ ಒಣಗಿದ ಮೂವತ್ತು ಬಣ್ಣದ ಡಬ್ಬಿಗಳೂ ಇದ್ದವು.

ಆ ಕೋಣೆಯ ಮೇಲೆ ನನ್ನ ಹೆಂಡತಿ ಶಿವಲೀಲಾಳಿಗೆ ಬಹಳ ದಿನಗಳಿಂದ ಕಣ್ಣು. ಅವಳು ಭಾಗ್ಯನಗರದ ಒಂದು ಗೋದಾಮಿನಿಂದ ಮನೆಗೆ ಕೂದಲ ಕೆಲಸ ತರುತ್ತಾಳೆ. ನಮ್ಮ ಕಡೆ ಹೆಂಗಸರು ಬಾಚಣಿಗೆಗೆ ಬಂದ ಕೂದಲನ್ನು ಎತ್ತಿಟ್ಟು, ಓಣಿಗೆ ಬರುವ ವ್ಯಾಪಾರಿಗೆ ಕೊಟ್ಟು ಪಾತ್ರೆ ತೆಗೆದುಕೊಳ್ಳುತ್ತಾರಲ್ಲ, ಅದೆಲ್ಲ ಗಂಟುಗಂಟಾಗಿ ಇಂಥ ಗೋದಾಮಿಗೇ ಬಂದು ಬೀಳುತ್ತದೆ. ಅದನ್ನು ಸೂಜಿಯಿಂದ ಎಳೆಎಳೆಯಾಗಿ ಬಿಡಿಸಿ, ಉದ್ದ ನೋಡಿ, ಬೇರೆ ಬೇರೆ ಕಟ್ಟು ಕಟ್ಟಬೇಕು. ಶಿವಲೀಲಾ ಪಡಸಾಲೆಯಲ್ಲಿ ಕುಳಿತು ಮಾಡುತ್ತಿದ್ದಳು. ಒಮ್ಮೆ ಜೋರಾಗಿ ಗಾಳಿ ಬೀಸಿದರೆ ಎರಡು ದಿನದ ಕೆಲಸ ಓಣಿಯುದ್ದಕ್ಕೂ ಹಾರಿಹೋಗುತ್ತಿತ್ತು.

"ನಿಮ್ ಕೋಣ್ಯಾಗ ಗಾಳಿ ಆಡಂಗಿಲ್ಲ. ನನಗ ಬಿಟ್ಟುಕೊಡ್ರಿ."

"ಅದು ಕಲಾವಿದರ ಕೋಣಿ."

"ಕಲಾವಿದರು ಅಲ್ಲಿ ಮಧ್ಯಾಹ್ನ ಮಕ್ಕೊಂತಾರ. ನಾ ನೋಡಿದ್ದು ಅಷ್ಟ."

ಮಾತಿಗೆ ಮಾತು ಬೆಳೆದು ಷರತ್ತು ಬಿದ್ದಿತು. ಭಾನುವಾರ ಸಂಜೆ ನನ್ನ ಭೂತದ ಕೋಣೆಯೊಳಗಿಂದ ಒಂದು ಚೀರು, ಒಂದೇ ಒಂದು ಚೀರು, ಹೊರಗಿನವರಿಗೆ ಕೇಳಬೇಕು. ಕೇಳಿದರೆ ಹಿಂದಿನ ಕೋಣೆ ನನ್ನದು. ಕೇಳದಿದ್ದರೆ ಅವಳದು.

ಮನುಷ್ಯರು ಯಾವುದಕ್ಕೆ ಹೆದರುತ್ತಾರೆ? ಈ ಪ್ರಶ್ನೆ ತಲೆಗೆ ಹತ್ತಿದ ಮೇಲೆ ನನಗೆ ಊಟ ರುಚಿಸಲಿಲ್ಲ. ನೋಟ್‌ಬುಕ್ ಹಿಡಿದು ಊರೆಲ್ಲ ಅಲೆದೆ. ಕ್ಷೌರದಂಗಡಿಯವರು, ಅರ್ಧ ಗಡ್ಡ ಆದಾಗ ಕರೆಂಟ್ ಹೋಗುವುದಕ್ಕೆ ಹೆದರುತ್ತಾರಂತೆ. ಪ್ರೈಮರಿ ಶಾಲೆಯ ಮೇಷ್ಟ್ರು ಜನಗಣತಿಗೆ ಹೆದರುತ್ತಾರಂತೆ. ದೆವ್ವ ಅಂದರೆ ಭಯವಿಲ್ಲವೇ ಎಂದು ಕೇಳಿದೆ. "ದೆವ್ವದ ಮನಿಗೂ ನಾವ ಹೋಗಿ ಎಣಿಸಬೇಕಲ್ರಿ" ಎಂದು ಕಣ್ಣು ತುಂಬಿಕೊಂಡರು. ಇದನ್ನು ಕೋಣೆಯಲ್ಲಿ ಹೇಗೆ ತೋರಿಸುವುದೆಂದು ತಿಳಿಯಲಿಲ್ಲ. ಆದರೂ ಎಲ್ಲರಲ್ಲೂ ಒಂದು ಸಂಗತಿ ಕಂಡೆ. ಮುಖ ಕಾಣುವ ದೆವ್ವಕ್ಕಿಂತ ಬೆನ್ನು ತಿರುಗಿಸಿ ಕುಳಿತ ದೆವ್ವಕ್ಕೆ ಜನ ಹೆಚ್ಚು ಅಂಜುತ್ತಾರೆ.

ಅಲ್ಲಿಗೆ ನನ್ನ ಮಹಾಕೃತಿ ರೂಪುಗೊಂಡಿತು. ಹಳೆಯ ಅಡುಗೆಮನೆ. ಮಸಿ ಹಿಡಿದ ಗೋಡೆ. ಒಂದು ಕೆಂಪು ಬಲ್ಬು. ನಡುವೆ ಬಿಳಿ ಸೀರೆಯ ಹೆಣ್ಣೊಬ್ಬಳು ಬೆನ್ನು ಹಾಕಿ ಕುಳಿತು ಗರಗರ ಬೀಸುಕಲ್ಲು ತಿರುವುತ್ತಿದ್ದಾಳೆ. ಅವಳ ಜಡೆಗಟ್ಟಿದ ಕೂದಲು ನೆಲದ ತುಂಬ ಹರಡಿದೆ. ಬಂದವರು ಅದನ್ನು ದಾಟಿಯೇ ಹೋಗಬೇಕು. ದಾಟುವಾಗ ಅವಳು ತಿರುಗುತ್ತಾಳೆ.

ಕೂದಲು ಎಲ್ಲಿಂದ ತರುವುದು? ಅದಕ್ಕೆ ಊರೆಲ್ಲ ಅಲೆಯಬೇಕಾಗಲಿಲ್ಲ. ಶಿವಲೀಲಾಳ ಟ್ರಂಕಿನಲ್ಲಿ ಕೆಂಪು ದಾರ ಕಟ್ಟಿದ ಉದ್ದುದ್ದ ಕಟ್ಟುಗಳು ನೀಟಾಗಿ ಮಲಗಿದ್ದವು. ಎರಡು ದಿನಕ್ಕೆ ಒಯ್ದು ಮತ್ತೆ ಇಟ್ಟರಾಯಿತು, ಕೂದಲೇನು ಸವೆಯುತ್ತದೆಯೇ ಎಂದುಕೊಂಡೆ. ತೊಂದರೆಯೊಂದೇ: ಹಾಗೇ ಹಾಕಿದರೆ ನನ್ನ ದೆವ್ವ ಶಾಂಪೂ ಜಾಹೀರಾತಿಗೆ ಬಂದವಳಂತೆ ಕಾಣುತ್ತಿತ್ತು. ಆದ್ದರಿಂದ ನೆತ್ತಿಯ ಕಡೆ ದಾರ ಹಾಗೇ ಬಿಟ್ಟು, ಉಳಿದದ್ದನ್ನೆಲ್ಲ ಎರಡೂ ಕೈಯಿಂದ ಮಂಡಕ್ಕಿ ಕಲಸಿದಂತೆ ಕಲಸಿದೆ. ಉಜ್ಜಿದೆ, ಸುತ್ತಿದೆ, ನೆಲದ ತುಂಬ ಹರಡುವಷ್ಟು ಉದ್ದಕ್ಕೆ ಒಂದಕ್ಕೊಂದು ಸೇರಿಸಿ ಗಂಟು ಹಾಕಿದೆ. ಇಡೀ ಶನಿವಾರ ಅದಕ್ಕೇ ಹೋಯಿತು. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಭಾನುವಾರ ಸಂಜೆ ಐದಕ್ಕೆ ದೆವ್ವವಾಗಬೇಕಿದ್ದ ಹೆಣ್ಣುಮಗಳು ಕುಷ್ಟಗಿಗೆ ಮದುವೆಗೆ ಹೋದಳೆಂದು ಸುದ್ದಿ ಬಂತು. "ಸೀರಿ ಉಟ್ಕೊಂಡು ನೀವ ಕೂಡ್ರಿ, ಪೇಂಟರ್ ಸಾಬ್. ಬೆನ್ನಿಗೇನು ಹೆಣ್ಣು ಗಂಡು?" ಎಂದರು ಮರ್ದಾನಸಾಬರು. ಕೂದಲನ್ನು ಹೊಲಿದ ಟೋಪಿ ಜಾರಬಾರದೆಂದು ನನ್ನ ತಲೆಗೆ ಗೋಂದು ಹಚ್ಚಿಯೇ ಕೂರಿಸಿದರು. ಮುಖಕ್ಕೆ ಸುಣ್ಣ, ಕಣ್ಣಿನ ಸುತ್ತ ಕಾಡಿಗೆ. ಕನ್ನಡಿ ನೋಡಿಕೊಂಡು ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

ಬೀಸುಕಲ್ಲು ತಿರುವುತ್ತ ಕುಳಿತೆ. ಬಾಗಿಲು ಕಿರ್ರೆಂದಿತು. ಬಳೆಗಳ ಸದ್ದಿನಿಂದ ಐದಾರು ಹೆಂಗಸರೆಂದು ಗೊತ್ತಾಯಿತು. ಆ ಸದ್ದು ನೆಲದ ಕೂದಲಿನ ಅಂಚಿಗೆ ಬಂದು ನಿಂತಿತು. ಗೆದ್ದೆ ಎಂದುಕೊಂಡೆ.

"ಏ ಶಿವಲೀಲಾ, ಇದು ಇಪ್ಪತ್ತೆರಡು ಇಂಚು ಐತಿ ನೋಡ."

ಬೀಸುಕಲ್ಲು ತಿರುವುವುದನ್ನು ನಿಲ್ಲಿಸಿದೆ. ಗೋದಾಮಿನಲ್ಲಿ ಎಲ್ಲರ ಕಟ್ಟುಗಳನ್ನು ಪರೀಕ್ಷಿಸುವ ಹಿರಿಯಾಕೆ ಕಳಕಮ್ಮನ ಧ್ವನಿ ಅದು. ಷರತ್ತಿನ ತೀರ್ಪಿಗೆಂದು ನನ್ನ ಹೆಂಡತಿ ಕೂದಲ ಕೆಲಸದವರನ್ನೇ ಕರೆತಂದಿದ್ದಳು.

"ಅಯ್ಯ ಶಿವನ, ಎಂಥಾ ಮಾಲು, ಹೆಂಗ ಹಾಳು ಮಾಡ್ಯಾರ" ಎಂದು ಕಳಕಮ್ಮ ನೆಲಕ್ಕೆ ಕುಳಿತಳು. "ಮೊಬೈಲ್ ಬೆಳಕ ಹಿಡಿ ಯವ್ವಾ. ಸೂಜಿ ಯಾರ ಹತ್ರ ಐತಿ?"

ಎಲ್ಲರ ಹತ್ತಿರವೂ ಇತ್ತು. ಸೆರಗಿನಿಂದ ಸೂಜಿ ಕಿತ್ತು ಎಲ್ಲರೂ ನನ್ನ ಸುತ್ತ ಕುಳಿತರು. ನನ್ನ ಮಾನ, ನನ್ನ ಕೋಣೆ ಎರಡೂ ಹೋಗುವ ಹೊತ್ತು. ಇದ್ದಬದ್ದ ಶಕ್ತಿ ಹಾಕಿ, ಕಣ್ಣು ಹಿಗ್ಗಿಸಿ, ಗರ್ರೆಂದು ತಿರುಗಿದೆ.

"ಅಲುಗಾಡಬ್ಯಾಡವಾ" ಎಂದಳು ಕಳಕಮ್ಮ ತಲೆಯೆತ್ತದೆ. "ಎಳಿ ಹರಿತೈತಿ."

ಅಷ್ಟರಲ್ಲಿ ಶಿವಲೀಲಾಳ ಬೆರಳು ನನ್ನ ನೆತ್ತಿಯವರೆಗೆ ಬಂದು ನಿಂತಿತು. ಮೊಬೈಲ್ ಬೆಳಕು ಕೆಂಪು ದಾರದ ಮೇಲೆ ಬಿತ್ತು.

"ಇದು ನನ್ನ ಗಂಟು" ಎಂದಳು ಮೆಲ್ಲಗೆ. ಆಮೇಲೆ ಬೆಳಕನ್ನು ನನ್ನ ಮುಖಕ್ಕೆ ಹಿಡಿದಳು. ಸುಣ್ಣದ ಹಿಂದಿನ ಗಂಡನನ್ನು ಗುರುತಿಸಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಟೋಪಿಯನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಗೋಂದಿನ ಜೊತೆ ನನ್ನ ತಲೆಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಆಸ್ತಿಯೂ ಹೋಯಿತು. ನಾನು ಚೀರಿದ ಚೀರಿಗೆ ಮೈದಾನದ ಜೈಂಟ್ ವೀಲ್‌ನಲ್ಲಿ ಕುಳಿತವರು ಕೆಳಗೆ ಇಳಿಸಿರೆಂದು ಕೂಗಿದರಂತೆ.

ಹೊರಗೆ ಟಿಕೆಟಿಗೆ ಜನ ಮುಗಿಬಿದ್ದರು. ಮರ್ದಾನಸಾಬರು ನನ್ನನ್ನು ಅಪ್ಪಿಕೊಂಡರು. "ಶಾಬಾಸ್, ಪೇಂಟರ್ ಸಾಬ್! ದಿನಾ ಹಿಂಗ ಚೀರ್ರಿ."

ಮನೆಗೆ ಬಂದು, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಹೆದರುತ್ತಲೇ ವಿಷಯ ತೆಗೆದೆ. "ಕೋಣ್ಯಾಗಿಂದ ಚೀರು ಕೇಳಿದ್ದಂತೂ ಖರೇ ಐತಲ್ಲ..."

"ಇಡೀ ಮೈದಾನಕ್ಕ ಕೇಳ್ತು. ಕೋಣಿ ನಿಮ್ದ" ಎಂದಳು.

ನನಗೆ ನಂಬಲಾಗಲಿಲ್ಲ. ಅವಳು ಹಿಂದಿನ ಕೋಣೆಯ ಡಬ್ಬಿಗಳನ್ನು ಮೂಲೆಗೆ ಸರಿಸಿ, ಕಸ ಹೊಡೆದು, ಚಾಪೆ ಹಾಸಿದಳು. ಚಾಪೆಯ ನಡುವೆ ನಾನು ಕಲಸಿದ ಕೂದಲ ರಾಶಿ, ಅದರ ಮೇಲೊಂದು ಸೂಜಿ ಇಟ್ಟಳು.

"ಗಾಳಿ ಆಡಂಗಿಲ್ಲ, ಛಲೋ ಐತಿ. ಕೂಡ್ರಿ. ಗುರುವಾರ ಗೋದಾಮಿಗೆ ಕೊಡಬೇಕು."

ಮೊದಲನೆಯ ಗಂಟು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಕಣ್ಣಲ್ಲಿ ನೀರು ಬಂತು, ಸೊಂಟ ಹಿಡಿಯಿತು. ಅವಳು ಹನ್ನೆರಡು ವರ್ಷದಿಂದ ಇದನ್ನು ಮಾಡುತ್ತಿದ್ದಾಳೆ. ಊರವರಿಗೆಲ್ಲ ಪ್ರಶ್ನೆ ಕೇಳಿದ ನಾನು, ಇದನ್ನು ಹೇಗೆ ಮಾಡುತ್ತೀ ಎಂದು ಮನೆಯವಳನ್ನು ಒಮ್ಮೆಯೂ ಕೇಳಿರಲಿಲ್ಲ. ನಿಜವಾಗಿ ನಾಚಿಕೆಯಾಯಿತು.

ಗುರುವಾರ ಕಳಕಮ್ಮನೇ ಬಂದಳು. ನಾನು ಕಟ್ಟಿದ ಕಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು.

"ಹೊಸಬರಿಗೆ ಅಡ್ಡಿಯಿಲ್ಲ. ಇನ್ನೊಂದು ಚೀಲ ಕಳಿಸ್ಲೇನು?"

ನಾನು ಬಾಯಿ ತೆರೆಯುವ ಮೊದಲೇ ಪಡಸಾಲೆಯಿಂದ ಶಿವಲೀಲಾ ಹೇಳಿದಳು: "ಎರಡು ಕಳಿಸ್ರಿ. ಅವರಿಗೆ ಸ್ವಂತ ಕೋಣಿ ಐತಿ."